ಅಳುವ ಕೆಲಸ

ನಾಟಕದಿಂದ ಹೊಟ್ಟೆ ತುಂಬುವುದಿಲ್ಲ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹಾಗಾಗಿ ಮೆಡಿಕಲ್ ಕಾಲೇಜಿಗೆ ಹೋಗಿ ಅಳುವ ಕೆಲಸ ಹಿಡಿದೆ. ಸಾವಿನ ಸುದ್ದಿಯನ್ನು ಮನೆಯವರಿಗೆ ಹೇಗೆ ತಿಳಿಸಬೇಕೆಂದು ಕಲಿಯುವ ಡಾಕ್ಟರುಗಳ ಎದುರು ಕೂರಲು ಒಬ್ಬ ಮಗ ಬೇಕು. ಆ ಮಗನ ಪಾತ್ರ ನನ್ನದು. ತಾಯಿ ಬಾತ್‌ರೂಮಿನಲ್ಲಿ ಜಾರಿಬಿದ್ದಿದ್ದಾಳೆ, ಆಸ್ಪತ್ರೆಗೆ ತರುವಷ್ಟರಲ್ಲಿ ಪ್ರಾಣ ಹೋಗಿದೆ. ಒಬ್ಬೊಬ್ಬರಾಗಿ ಬಂದು ಅದನ್ನೇ ಹೇಳುತ್ತಾರೆ. ಪ್ರತಿಸಲವೂ ನಾನು ಅದನ್ನು ಮೊದಲ ಸಲವೆಂಬಂತೆ ಕೇಳಬೇಕು.

ಸುಮ್ಮನೆ ಕಣ್ಣೀರು ಬರುತ್ತದೆಯೇ? ಅಮ್ಮನನ್ನೇ ನೆನೆಸಿಕೊಳ್ಳುತ್ತಿದ್ದೆ. ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಹೊಲಿಗೆ ಯಂತ್ರದ ಮುಂದೆ ಬಗ್ಗಿರುವ ಅಮ್ಮ. ಆ ಮುಖ ಕಣ್ಮುಂದೆ ಬಂದರೆ ಸಾಕು, ಗಂಟಲು ಕಟ್ಟುತ್ತಿತ್ತು, ಎಡಗೈ ತಾನಾಗಿ ಬಾಯಿ ಮುಚ್ಚುತ್ತಿತ್ತು, ಆಮೇಲೆ 'ಬೆಳಿಗ್ಗೆ ಚೆನ್ನಾಗಿದ್ದಳಲ್ಲ' ಎಂಬ ಮಾತು. ಒಮ್ಮೆ ಪಾಠ ಮಾಡುವ ಮೇಡಂ ಕೂಡ ಕಣ್ಣೊರೆಸಿಕೊಂಡರು. ನಾನು ಒಳಗೊಳಗೇ ಹಿಗ್ಗಿದೆ. ನಟನ ಹಣೆಬರಹವೇ ಅಷ್ಟು, ಅಳುವಾಗಲೂ ಒಂದು ಕಣ್ಣು ನೋಡುವವರ ಮೇಲೆ.

ಅಮ್ಮನಿಗೆ ಇದೆಲ್ಲ ತಮಾಷೆ. ಮನೆಗೆ ಬಂದೊಡನೆ, ಯಾರದೋ ಪ್ಯಾಂಟಿನ ಅಂಚು ಹೊಲಿಯುತ್ತಾ ಕೇಳುತ್ತಿದ್ದಳು, "ಏನಪ್ಪಾ, ಇವತ್ತು ಎಷ್ಟ್ ಸಲ ಸಾಯಿಸ್ದೆ ನನ್ನ?"

ಒಂದು ಸಂಜೆ ಬಂದಾಗ ಬಾಗಿಲು ತೆರೆದೇ ಇತ್ತು. ಯಂತ್ರದ ಸದ್ದಿಲ್ಲ. ಬಾತ್‌ರೂಮಿನ ಬಾಗಿಲಲ್ಲಿ ಅಮ್ಮ ಅಂಗಾತ ಬಿದ್ದಿದ್ದಳು. ಕೂಗಿದೆ, ಭುಜ ಹಿಡಿದು ಅಲುಗಾಡಿಸಿದೆ. ಏಳಲಿಲ್ಲ. ಗಂಟಲು ಕಟ್ಟಿತು. ಎಡಗೈ ಬಾಯಿಗೆ ಹೋಯಿತು. "ಬೆಳಿಗ್ಗೆ ಚೆನ್ನಾಗಿದ್ಯಲ್ಲಮ್ಮ" ಅಂದೆ. ಅದು ಕಾಲೇಜಿನ ದನಿ. ನಿಲ್ಲಿಸಲು ನೋಡಿದೆ, ನಿಲ್ಲಲಿಲ್ಲ. ನೋಡುವವರು ಯಾರೂ ಇಲ್ಲದಿದ್ದರೂ ನನ್ನ ಮುಖ ಬೆಳಕಿನ ಕಡೆಗೆ ತಿರುಗಿತು.

ಕೆಳಗೆ ನೋಡಿದರೆ ಅಮ್ಮನ ಕಣ್ಣು ತೆರೆದಿತ್ತು. ರೆಪ್ಪೆ ಬಡಿಯದೆ ನನ್ನನ್ನೇ ನೋಡುತ್ತಿದ್ದಳು. ಎಷ್ಟು ಹೊತ್ತಿನಿಂದಲೋ ಗೊತ್ತಿಲ್ಲ.

"ಅಮ್ಮಾ! ಇದೆಂಥ ಹುಡುಗಾಟ? ಜೀವಾನೇ ಹೋದಂಗಾಯ್ತು!"

"ನಿನ್ನ ಅಳು ಊರೋರೆಲ್ಲ ನೋಡಿದಾರೆ, ನಾನೊಬ್ಳೇ ನೋಡಿರ್ಲಿಲ್ಲ ಕಣೋ. ಅದಕ್ಕೇ ಮಲ್ಕೊಂಡೆ." ಅವಳು ನಗಲಿಲ್ಲ. "ಅಲ್ಲೂ ಹಿಂಗೇ ಅಳ್ತೀಯಾ?"

"ಹೂಂ."

"ಒಂಚೂರೂ ಬೇರೆ ಥರ ಇಲ್ವಾ?"

ಅವಳು ಗೋಡೆ ಹಿಡಿದು ಮೆಲ್ಲಗೆ ಎದ್ದಳು.

"ಈ ಅಳು ಅವ್ರಿಗೇ ಇರ್ಲಿ. ನಂಗೆ ಅಂತ ಬೇರೆ ಒಂದು ಇಟ್ಕೋಪ್ಪ."

ಇನ್ನು ಮುಂದೆ ಬರುವುದಿಲ್ಲವೆಂದು ಮರುದಿನವೇ ಕಾಲೇಜಿನಲ್ಲಿ ಹೇಳಿಬಿಟ್ಟೆ. ಈಗ ಕೋಣೆಯ ಬಾಗಿಲು ಹಾಕಿಕೊಂಡು ಕೂರುತ್ತೇನೆ. ಅಮ್ಮ ಸತ್ತಿದ್ದಾಳೆ ಎಂದುಕೊಳ್ಳುತ್ತೇನೆ. ಗಂಟಲು ಕಟ್ಟುತ್ತದೆ, ಎಡಗೈ ಏಳುತ್ತದೆ. ಬಲಗೈಯಿಂದ ಅದನ್ನು ಒತ್ತಿ ಹಿಡಿಯುತ್ತೇನೆ. ಆದರೂ ಅದೇ ಮಾತು, ಅದೇ ದನಿ. ನನಗೆ ನಿಜವಾಗಿಯೂ ಹೆದರಿಕೆಯಾಗುತ್ತದೆ. ಗೋಡೆಯಾಚೆ ಹೊಲಿಗೆ ಯಂತ್ರ ನಿಲ್ಲುತ್ತದೆ. ಅಮ್ಮ ಕಿವಿಗೊಟ್ಟು ಕೇಳುತ್ತಿದ್ದಾಳೆ.

"ಅದಲ್ಲಪ್ಪ," ಅನ್ನುತ್ತಾಳೆ ಅಲ್ಲಿಂದಲೇ. "ಅದು ಅವ್ರದ್ದು."