ಟ್ರೈಲರ್ ಮುಗೀಲಿ, ಆಮ್ಯಾಲ ಕೊಡತೇನಿ

ಎರಡು ನಿಮಿಷದ ಆ ವಿಡಿಯೋವನ್ನು ನಾನು ಈಗ ನೋಡುವುದಿಲ್ಲ. ಮೊಬೈಲಿನಲ್ಲಿ ಇದೆ, ಅಳಿಸಿಲ್ಲ. ಅಳಿಸಿದರೆ ತಪ್ಪು ಮುಚ್ಚಿಟ್ಟ ಹಾಗಾಗುತ್ತದೆ. ಹಾಗಾಗಿ ಅದು ಅಲ್ಲೇ ಬಿದ್ದಿದೆ.

ನಾನು ಹೈಸ್ಕೂಲಿನ ಕನ್ನಡ ಟೀಚರು. ಮನೆ ಬೈಲಹೊಂಗಲದಲ್ಲಿ, ಶಾಲೆ ಸವದತ್ತಿ ಕಡೆಯ ಒಂದು ಹಳ್ಳಿಯಲ್ಲಿ, ನಡುವೆ ಯರಗಟ್ಟಿಯಲ್ಲಿ ಬಸ್ಸು ಬದಲಿಸಬೇಕು. ನನ್ನ ಬಾಯಿ ಸ್ವಲ್ಪ ಜೋರು ಎಂದು ಮನೆಯಲ್ಲೂ ಹೇಳುತ್ತಾರೆ, ಶಾಲೆಯಲ್ಲೂ ಹೇಳುತ್ತಾರೆ. ದಿನಕ್ಕೆ ನಾಲ್ಕು ಬಸ್ಸು ಹತ್ತಿ ಇಳಿಯುವವರ ಬಾಯಿ ಮೆತ್ತಗೆ ಹೇಗಿದ್ದೀತು?

ಐದಾರು ವರ್ಷದ ಹಿಂದೆ ಮೇಲಿನಿಂದ ಒಂದು ಸುತ್ತೋಲೆ ಬಂತು. ಮಕ್ಕಳು ಪುಸ್ತಕ ಮುಟ್ಟುತ್ತಿಲ್ಲ, ಬರೀ ಮೊಬೈಲು. ಆದ್ದರಿಂದ ಪ್ರತಿ ಶಾಲೆಯೂ ಸಿನಿಮಾ ಟ್ರೈಲರಿನ ಹಾಗೆ ಎರಡು ನಿಮಿಷದ ಒಂದು ವಿಡಿಯೋ ಮಾಡಿ, ಪುಸ್ತಕ ಓದಿ ಎಂದು ಹುರಿದುಂಬಿಸಿ, ಮೊಬೈಲಿನಲ್ಲೇ ಹಂಚಬೇಕಂತೆ. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯುವ ಯೋಜನೆ. ಹೆಡ್‌ಮಾಸ್ತರರು ಕಾಗದ ನನ್ನ ಮುಂದಿಟ್ಟು, "ಇದು ಕನ್ನಡದವರ ಕೆಲಸರಿ ಟೀಚರ್. ತಾಲೂಕಿನ್ಯಾಗ ನಮ್ಮ ಸಾಲೀದ ಮೊದಲ ಬರಬೇಕ ನೋಡ್ರಿ" ಅಂದರು.

ಗಣಿತದ ಮಾಸ್ತರರ ಹತ್ತಿರ ಒಳ್ಳೆಯ ಮೊಬೈಲ್ ಇತ್ತು, ಅದಕ್ಕೆ ಅವರೇ ಕ್ಯಾಮರಾಮನ್ ಆದರು. ಅವರು ಕಿತ್ತೂರಿನವರು. ಆ ಕಡೆ ಯಾವ ಕಾರ್ಯಕ್ರಮ ಇದ್ದರೂ ಒಂದು ಹುಡುಗಿಗೆ ರಾಣಿ ವೇಷ ಹಾಕಿ ಕೈಗೆ ಕತ್ತಿ ಕೊಡದಿದ್ದರೆ ಜನರಿಗೆ ಸಮಾಧಾನವಿಲ್ಲ. "ಒಬ್ಬಾಕಿಗೆ ರಾಣಿ ವೇಷ ಹಾಕೂಣ್ರಿ, ಕುದುರಿ ನಾ ತರಸ್ತೇನಿ" ಅಂದರು. "ಪುಸ್ತಕ ಓದಾಕ ಕತ್ತಿ ಯಾಕ್ರೀ ಸರ್, ಹಾಳಿ ಹರಿಯಾಕ?" ಅಂದೆ. ಅವರು ನಕ್ಕರು, ಕುದುರೆ ತಪ್ಪಿತು.

ಇನ್ನು ಪುಸ್ತಕಗಳ ವಿಷಯ. ನಮ್ಮ ಶಾಲೆಯ ಗ್ರಂಥಾಲಯ ಎಂದರೆ ಸ್ಟಾಫ್ ರೂಮಿನ ಮೂಲೆಯ ಎರಡು ಕಬ್ಬಿಣದ ಕಪಾಟು. ಅವುಗಳ ಚಾರ್ಜು ನನ್ನದು. ನನಗಿಂತ ಮೊದಲು ಇದ್ದವರು ರಾಮದುರ್ಗಕ್ಕೆ ವರ್ಗವಾಗಿ ಹೋಗುವಾಗ ಒಂದು ಇಡೀ ದಿನ ಕೂತು ಪ್ರತಿ ಪುಸ್ತಕಕ್ಕೂ ಟಿಕ್ಕು ಹಾಕಿ ನನ್ನ ಸಹಿ ಮಾಡಿಸಿಕೊಂಡಿದ್ದರು. "ಕೀಲಿ ಕೈ ಬಿಟ್ಟು ಕೊಡಬ್ಯಾಡ್ರಿ ಟೀಚರ್. ಒಂದು ಕಳೀತಂದ್ರ ನೋಟಿಸ್ ನಿಮಗ ಬರ್ತೈತಿ, ಹುಡುಗೂರಿಗಲ್ಲ" ಎಂದು ಬುದ್ಧಿ ಹೇಳಿದ್ದರು. ನಾನು ಆ ಮಾತನ್ನು ವೇದವಾಕ್ಯ ಮಾಡಿಕೊಂಡೆ. ವಾರಕ್ಕೊಮ್ಮೆ ಗ್ರಂಥಾಲಯದ ಪಿರಿಯಡ್‌ನಲ್ಲಿ ಪುಸ್ತಕ ಹಂಚುವುದು, ಗಂಟೆ ಹೊಡೆಯುವ ಹತ್ತು ನಿಮಿಷ ಮೊದಲೇ ಎಣಿಸಿ ಒಳಗಿಡುವುದು. ಮನೆಗೆ ಒಯ್ಯುವ ಮಾತೇ ಇಲ್ಲ. ನನ್ನ ಕೈಯಲ್ಲಿ ಒಂದೂ ಕಳೆದಿಲ್ಲ ಎಂದು ಮೀಟಿಂಗಿನಲ್ಲಿ ಎದೆ ಸೆಟೆಸಿ ಹೇಳುತ್ತಿದ್ದೆ. ಕಳೆಯುವುದಾದರೂ ಹೇಗೆ, ಯಾರ ಕೈಗೂ ಸಿಗದಿದ್ದರೆ?

ಶೂಟಿಂಗಿನ ದಿನ ಹೊಸ ಪುಸ್ತಕಗಳ ಗಂಟು ಬಿಚ್ಚಿದೆವು. ಗಿಡದ ಕೆಳಗೆ, ಮೆಟ್ಟಿಲ ಮೇಲೆ, ಬೋರಿನ ಕಟ್ಟೆಯ ಮೇಲೆ ಮಕ್ಕಳನ್ನು ಕೂಡಿಸಿ ಕೈಗೊಂದು ಪುಸ್ತಕ ಕೊಟ್ಟೆವು. ಒಂಬತ್ತನೆಯ ತರಗತಿಯ ಕಿಟಕಿಗೆ ಬೆಳಕು ಚೆನ್ನಾಗಿ ಬೀಳುತ್ತಿತ್ತು. ಅಲ್ಲಿಗೆ ಒಕ್ಕಲುತನದ ಮನೆಯ, ಎರಡು ಜಡೆಯ ಒಬ್ಬ ಹುಡುಗಿಯನ್ನು ಕೂಡಿಸಿದೆ. ವರ್ಗದಲ್ಲಿ ಬಾಯಿ ಬಿಡುವವಳಲ್ಲ, ಅಂಕವೂ ಅಷ್ಟಕ್ಕಷ್ಟೆ. ಮುಖ ಲಕ್ಷಣವಾಗಿತ್ತು, ಅದಕ್ಕೇ ಆರಿಸಿದ್ದು. ಅವಳ ಕೈಗೆ ಕೆಂಪು ರಟ್ಟಿನ ಒಂದು ಮಕ್ಕಳ ಕಾದಂಬರಿ ಕೊಟ್ಟೆ. ಕೆಂಪು ಕ್ಯಾಮರಾದಲ್ಲಿ ಎದ್ದು ಕಾಣುತ್ತದೆ ಎಂದು ಕೊಟ್ಟೆ, ಮತ್ತಾವ ಕಾರಣಕ್ಕೂ ಅಲ್ಲ.

"ಓದಿದಂಗ ಮಾಡವಾ, ಕ್ಯಾಮರಾ ನೋಡಬ್ಯಾಡ" ಅಂದೆ.

ಮೊದಲ ಸಲ ಅವಳು ಕ್ಯಾಮರಾ ನೋಡಿಬಿಟ್ಟಳು, ಬೈದೆ. ಎರಡನೆಯ ಸಲ ಯಾರೋ ಹಿಂದಿನಿಂದ ಕಿಸಕ್ಕನೆ ನಕ್ಕರು, ಅವರನ್ನು ಬೈದೆ. ಮೂರನೆಯ ಸಲಕ್ಕೆ ಮಾಸ್ತರರು ನನ್ನ ಕಡೆ ತಿರುಗಿ ಪಿಸುಗುಟ್ಟಿದರು: "ನೋಡ್ರಿ ಟೀಚರ್, ಏನ್ ಆಕ್ಟಿಂಗ್ ಮಾಡಾಕತ್ತಾಳ ಹುಡುಗಿ!" ನಿಜ, ಅವಳ ತುಟಿ ಸಣ್ಣಗೆ ಅಲುಗುತ್ತಿತ್ತು. ಹಾಳೆ ತಿರುವುವಾಗ ಹುಬ್ಬು ಗಂಟಿಕ್ಕಿತು, ಆಮೇಲೆ ಸಡಿಲಾಯಿತು. ಹನ್ನೊಂದು ಸೆಕೆಂಡಿನ ಆ ಶಾಟು ಇಡೀ ವಿಡಿಯೋದ ಜೀವ.

ನಾವು ಬೇರೆ ಮಕ್ಕಳ ಶಾಟು ತೆಗೆಯಲು ಹೋದೆವು. ಸಂಜೆ ಗಂಟೆ ಹೊಡೆದಾಗ ಪುಸ್ತಕ ಎಣಿಸಿದರೆ ಒಂದು ಕಡಿಮೆ. ಓಡಿ ಹೋಗಿ ನೋಡಿದರೆ ಅವಳು ಅದೇ ಕಿಟಕಿಯಲ್ಲಿ ಇನ್ನೂ ಕೂತಿದ್ದಾಳೆ. ಅವಳು ಆಕ್ಟಿಂಗ್ ಮಾಡಿರಲೇ ಇಲ್ಲ, ಓದುತ್ತಿದ್ದಳು.

"ಟೀಚರ್ರಿ, ಸ್ವಲ್ಪ ಉಳದೈತ್ರಿ. ಮನಿಗೆ ಒಯ್ದು ನಾಳೆ ತರತೇನ್ರಿ" ಅಂದಳು, ಓದುತ್ತಿದ್ದ ಹಾಳೆಯಲ್ಲಿ ಬೆರಳಿಟ್ಟುಕೊಂಡೇ.

"ಬ್ಯಾಡವಾ. ಹೊಸಾ ಪುಸ್ತಕ, ಇನ್ನ ಶೂಟಿಂಗ್ ಐತಿ. ಟ್ರೈಲರ್ ಮುಗೀಲಿ, ಆಮ್ಯಾಲ ಕೊಡತೇನಿ."

"ಹಂಗಾರ ಇಷ್ಟ ಹೇಳ್ರಿ. ಹೊಳಿ ಆಚಿಕ ಹೋದ ಅಕ್ಕ ಮನಿಗೆ ಬರತಾಳೇನ್ರಿ?"

ಮನೆಯಲ್ಲಿ ಹೇಳದೆ ಹೊಳೆಯಾಚೆ ಹೋದ ಅಕ್ಕನನ್ನು ಹುಡುಕಿಕೊಂಡು ತಂಗಿಯೊಬ್ಬಳು ಒಬ್ಬಳೇ ಹೊರಡುವ ಕಥೆ ಅದು. ಇಷ್ಟೂ ನನಗೆ ಗೊತ್ತಾದದ್ದು ರಟ್ಟಿನ ಹಿಂಬದಿಯ ನಾಲ್ಕು ಸಾಲಿನಿಂದ. ಪುಸ್ತಕ ನಾನು ಓದಿರಲಿಲ್ಲ. ಆದರೆ ಬಾಯಿ ಕೇಳಬೇಕಲ್ಲ! "ಅದನ್ನ ನಾ ಹೇಳಿದ್ರ ಏನ ಮಜಾ? ನೀನ ಓದಿ ತಿಳ್ಕೋಬೇಕು" ಅಂದು, ಅವಳ ಬೆರಳನ್ನು ಹಾಳೆಯಿಂದ ಬಿಡಿಸಿ ಪುಸ್ತಕ ಇಸಿದುಕೊಂಡೆ.

ಆ ಮಾತು ನನಗೇ ಎಷ್ಟು ಚೆಂದ ಕಂಡಿತೆಂದರೆ ಟ್ರೈಲರಿನ ಕೊನೆಗೆ ಅದನ್ನೇ ಹಾಕಿದೆ. ಕಿಟಕಿಯಲ್ಲಿ ಓದುವ ಹುಡುಗಿ, ಹಿಂದೆ ನನ್ನ ಧ್ವನಿ: "ಅಕ್ಕ ಮನೆಗೆ ಬಂದಳೇ? ಓದಿ ತಿಳಿಯಿರಿ!" ಅವಳ ಪ್ರಶ್ನೆಯನ್ನೇ ಕದ್ದು ಊರಿಗೆಲ್ಲ ಹಂಚಿದೆ, ಅವಳಿಗೆ ಮಾತ್ರ ಉತ್ತರ ಕೊಡಲಿಲ್ಲ. ಹೇಳೋದು ಆಚಾರ, ತಿನ್ನೋದು ಬದನೆಕಾಯಿ ಎಂದು ನಮ್ಮವ್ವ ಬೇರೆಯವರಿಗೆ ಅನ್ನುತ್ತಿದ್ದಳು. ಅವಳು ಈಗ ಇದ್ದಿದ್ದರೆ ನನಗೇ ಅನ್ನುತ್ತಿದ್ದಳು.

ಸವದತ್ತಿಯಲ್ಲಿ ಎಲ್ಲ ಶಾಲೆಗಳ ವಿಡಿಯೋ ತೋರಿಸಿದರು. ನಮ್ಮದಕ್ಕೆ ಚಪ್ಪಾಳೆಯೋ ಚಪ್ಪಾಳೆ. ಸಾಹೇಬರೊಬ್ಬರು, "ಆ ಹುಡುಗಿಗೆ ಅಭಿನಯ ಯಾರು ಕಲಿಸಿದ್ರಿ?" ಎಂದು ಕೇಳಿದರು. ನಾನು ನಾಚಿಕೆ ಬಿಟ್ಟು "ನಾನೇ ಸರ್" ಅಂದೆ. ಶಾಲು ಹೊದಿಸಿದರು, ಹೂವಿನ ಹಾರ ಹಾಕಿದರು. ಬಸ್ಸಿನಲ್ಲಿ ಹಾರವನ್ನು ಮಡಿಲಲ್ಲಿಟ್ಟುಕೊಂಡು ಮನೆಗೆ ಬಂದೆ.

ನಮ್ಮ ಶಾಲೆಯಲ್ಲೂ ಪ್ರಾರ್ಥನೆ ಆದ ಮೇಲೆ ತೋರಿಸಿದೆವು. ತನ್ನ ಮುಖ ಬಂದಾಗ ಉಳಿದವರೆಲ್ಲ ಹೋ ಎಂದರೂ ಆ ಹುಡುಗಿ ತಲೆ ಎತ್ತಲಿಲ್ಲ. ಮುಗಿದ ಕೂಡಲೇ ಸ್ಟಾಫ್ ರೂಮಿನ ಬಾಗಿಲಿಗೆ ಬಂದು ನಿಂತಳು. "ಟೀಚರ್ರಿ, ಟ್ರೈಲರ್ ಮುಗೀತಲ್ರಿ."

ಮುಂದಿನ ವಾರ ತಪಾಸಣೆ ಇತ್ತು. ಹೊಸ ಪುಸ್ತಕ ಹೊಸದಾಗಿಯೇ ಕಾಣಲಿ ಎಂದಿದ್ದರು ಹೆಡ್‌ಮಾಸ್ತರರು. "ಇನ್ಸ್‌ಪೆಕ್ಷನ್ ಆಗ್ಲಿ ತಡಿಯವಾ" ಅಂದೆ. ಅದಾದ ಮೇಲೆ ಪರೀಕ್ಷೆ ಬಂತು, "ಪರೀಕ್ಷೆ ಆಗ್ಲಿ" ಅಂದೆ. ಗ್ರಂಥಾಲಯದ ಪಿರಿಯಡ್‌ಗೂ ಹಳೆಯ ಪುಸ್ತಕಗಳನ್ನೇ ಹಂಚಿದೆ, ಹೊಸವು ಕಪಾಟಿನಲ್ಲೇ ಉಳಿದವು. ಅಷ್ಟರಲ್ಲಿ ಅವಳು ಹತ್ತನೆಯದಕ್ಕೆ ಬಂದಿದ್ದಳು. ಮತ್ತೊಮ್ಮೆ ಕೇಳಿದಾಗ ನನಗೆ ಸಿಟ್ಟೇ ಬಂತು. "ಹತ್ತನೇದಾಗ ಕುಂತು ಕಥಿ ಪುಸ್ತಕ ಓದ್ತಾರೇನ? ಗಣಿತದಾಗ ಪಾಸಾಗು ಮೊದಲ!" ಮೂಗಿಗೆ ತುಪ್ಪ ಹಚ್ಚುವುದಕ್ಕೂ ಒಂದು ಮಿತಿ ಬೇಡವೇ? ನಾನು ವರ್ಷವಿಡೀ ಹಚ್ಚಿದೆ. ಆಮೇಲೆ ಅವಳು ಕೇಳಲಿಲ್ಲ. ಗ್ರಂಥಾಲಯದ ಪಿರಿಯಡ್‌ನಲ್ಲೂ ಪುಸ್ತಕ ಮುಂದಿಟ್ಟುಕೊಂಡು ಕಿಟಕಿಯಾಚೆ ನೋಡುತ್ತ ಕೂತಿರುತ್ತಿದ್ದಳು. ಅರ್ಧಕ್ಕೆ ಕಸಿದುಕೊಳ್ಳುವವರ ಮುಂದೆ ಯಾವ ಜಾಣೆ ಮತ್ತೆ ಕಥೆ ಶುರುಮಾಡುತ್ತಾಳೆ? ಆಗ ನನಗೆ ಇದು ತಿಳಿಯಲಿಲ್ಲ. ಶಿಸ್ತು ಬಂತು ಎಂದುಕೊಂಡೆ. ಹತ್ತನೆಯದು ಪಾಸಾಗಿ ಹೋದಳು, ನಾನು ಮರೆತೆ.

ಕಳೆದ ವರ್ಷ ಯರಗಟ್ಟಿಯಲ್ಲಿ ಬಸ್ಸಿಗೆ ಇನ್ನೂ ಅರ್ಧ ಗಂಟೆ ಇತ್ತು. ಸೀರೆಗೆ ಫಾಲ್ ಹಚ್ಚಿಸೋಣ ಎಂದು ಸ್ಟ್ಯಾಂಡಿನ ಎದುರಿನ ಹೊಲಿಗೆ ಅಂಗಡಿಗೆ ಹೋದೆ. ಮಷಿನ್ ಮುಂದೆ ಕೂತಿದ್ದವಳು ತಟ್ಟನೆ ಎದ್ದು ನಿಂತಳು.

"ಅಯ್ಯ, ಟೀಚರ್! ಬರ್ರಿ, ಕುಂದರ್ರಿ. ಗುರುತ ಸಿಕ್ಕಿತೇನ್ರಿ? ನಾನ್ರಿ, ನಿಮ್ಮ ಟ್ರೈಲರ್ ಹುಡುಗಿ."

ಚಹಾ ತರಿಸಿದಳು. ಅಂಗಡಿ ಅವಳದೇ ಅಂತೆ, ಕೆಲಸ ಚಲೋ ಸಾಗಿದೆಯಂತೆ. ಕೇಳಿ ಬಹಳ ಸಂತೋಷವಾಯಿತು. ಏನಾದರೂ ಓದುತ್ತೀಯಾ ಎಂದು ಟೀಚರು ಕೇಳುವ ಪ್ರಶ್ನೆ ಕೇಳಿದೆ. "ಇಲ್ರಿ, ಆ ಚಟ ಹತ್ತಲೇ ಇಲ್ಲ" ಅಂದಳು, ಸಿಟ್ಟಿಲ್ಲದೆ. ಆಮೇಲೆ ಸೂಜಿಗೆ ದಾರ ಪೋಣಿಸುತ್ತ, "ಟೀಚರ್, ಒಂದ ಮಾತ ಕೇಳ್ಲ್ಯಾ? ಆ ಕೆಂಪು ಪುಸ್ತಕದಾಗ ಅಕ್ಕ ಮನಿಗೆ ಬಂದ್ಲೇನ್ರಿ? ಮಷಿನ್ ತುಳಿಯುವಾಗ ಒಮ್ಮೊಮ್ಮೆ ನೆನಪಾಕ್ಕೈತ್ರಿ" ಎಂದು ಕೇಳಿದಳು.

ನನಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ಕಪಾಟಿನ ಕೀಲಿ ನನ್ನ ಹತ್ತಿರವೇ ಇತ್ತು, ಆದರೂ ಗೊತ್ತಿರಲಿಲ್ಲ. ಗೊತ್ತಿಲ್ಲವ್ವಾ, ನಾನೇ ಓದಿಲ್ಲ ಎನ್ನಬಹುದಿತ್ತು. ಅಷ್ಟು ಮಂದಿಯ ಮುಂದೆ ಶಾಲು ಹೊದ್ದವಳಿಗೆ ಅದು ಬಾಯಿಗೆ ಬರಬೇಕಲ್ಲ.

"ಬಂದ್ಲವಾ. ತಂಗಿ ಕರಕೊಂಡ ಬಂದ್ಲು" ಅಂದೆ.

ಅವಳ ಮುಖ ಅರಳಿದ್ದನ್ನು ಏನೆಂದು ಹೇಳಲಿ! "ಹೌದ್ರಿ? ನನಗ ಗೊತ್ತಿತ್ರಿ, ಬರತಾಳಂತ!"

ಮರುದಿನ ಬಿಡುವಿನ ಪಿರಿಯಡ್‌ನಲ್ಲಿ ಪುಸ್ತಕ ತೆಗೆದೆ. ಹಾಳೆಗಳು ಇನ್ನೂ ಒಂದಕ್ಕೊಂದು ಅಂಟಿಕೊಂಡಿದ್ದವು, ಅವಳು ಓದಿದಷ್ಟು ಮಾತ್ರ ಸಲೀಸಾಗಿ ತೆರೆದುಕೊಂಡವು. ಉಳಿದದ್ದು ಬರೀ ಹದಿನಾಲ್ಕು ಪುಟ. ಅಕ್ಕ ಸಿಗುತ್ತಾಳೆ, ಆದರೆ ಬರುವುದಿಲ್ಲ. ನಾನಿಲ್ಲಿ ಚೆನ್ನಾಗಿದ್ದೇನೆ, ನೀನು ಹೋಗು ಎನ್ನುತ್ತಾಳೆ. ತಂಗಿ ಅಳುತ್ತಾಳೆ, ಜಗಳವಾಡುತ್ತಾಳೆ, ಕೊನೆಗೆ ಒಬ್ಬಳೇ ಹೊಳೆ ದಾಟಿ ಹಿಂತಿರುಗುತ್ತಾಳೆ. ಬರುವಾಗ ಅವಳಿಗೆ ನೀರಿನ ಹೆದರಿಕೆ ಹೋಗಿರುತ್ತದೆ. ಓದಿ ಮುಗಿಸಿ ಸ್ಟಾಫ್ ರೂಮಿನಲ್ಲೇ ಅತ್ತೆ. ನಾನು ಹೇಳಿದ ಸುಳ್ಳಿಗಿಂತ ಎಷ್ಟೋ ದೊಡ್ಡ ಮಾತು ಆ ಹದಿನಾಲ್ಕು ಪುಟದಲ್ಲಿತ್ತು. ಹದಿನಾಲ್ಕು ವರ್ಷದ ಹುಡುಗಿಗೆ ಸಿಗಬೇಕಾಗಿದ್ದ ಮಾತು ಅದು. ಅಂದು ಸಂಜೆ ಅವಳು ಮನೆಗೆ ಒಯ್ದಿದ್ದರೆ ಮರುದಿನ ಮುಂಜಾನೆ ಇನ್ನೊಂದು ಪುಸ್ತಕ ಕೇಳುತ್ತಿದ್ದಳು, ಅದಾದ ಮೇಲೆ ಮತ್ತೊಂದು.

ಶನಿವಾರ ಅರ್ಧ ದಿನದ ಶಾಲೆ. ಪುಸ್ತಕ ಚೀಲಕ್ಕೆ ಹಾಕಿಕೊಂಡು ಯರಗಟ್ಟಿಗೆ ಹೋದೆ. ನಿಜ ಹೇಳಿಬಿಡಬೇಕು, ನೀನೇ ಓದು ಎಂದು ಕೈಗಿಡಬೇಕು ಎಂದು ದಾರಿಯುದ್ದಕ್ಕೂ ಮನಸ್ಸು ಗಟ್ಟಿ ಮಾಡಿಕೊಂಡೆ. ಪುಸ್ತಕ ಮಷಿನ್ ಮೇಲಿಟ್ಟೆ. ಅವಳು ಅದನ್ನು ಗುರುತಿಸಿ ನಕ್ಕಳು, ಆದರೆ ತೆರೆಯಲಿಲ್ಲ.

"ಈಗ ಯಾಕ್ರಿ ಟೀಚರ್, ಇಷ್ಟ ದೂರ ಹೊತ್ತಕೊಂಡ ಬಂದ್ರಿ? ನೀವ ಹೇಳಿದ್ರಲ್ಲ. ಮುಗೀತಲ್ರಿ ಆ ಕಥಿ. ಮೊನ್ನೆ ನಮ್ಮವ್ವಗೂ ಹೇಳಿದ್ನಿ, ಅಕ್ಕ ಮನಿಗೆ ಬಂದ್ಲಂತ. ಅವ್ವ, ಚಲೋ ಆತ ಬಿಡು ಅಂದ್ಲು."

"ಹಂಗಲ್ಲವಾ, ಅದು..." ಎಂದು ಶುರುಮಾಡಿದೆ. ಯಾರೋ ಬ್ಲೌಸಿನ ಅಳತೆ ಕೊಡಲು ಬಂದರು, ಅವಳು ಟೇಪು ಹಿಡಿದು ಎದ್ದಳು. ಅಳತೆ ಮುಗಿಯುವ ತನಕ ಕಾಯಬಹುದಿತ್ತು, ಬಸ್ಸು ಇನ್ನೂ ಬಂದಿರಲಿಲ್ಲ. ನಾನು ಕಾಯಲಿಲ್ಲ. ಪುಸ್ತಕ ತೆಗೆದುಕೊಂಡು ಬಂದೆ.

ಈಗಲೂ ಆ ಅಂಗಡಿಯ ಮುಂದೆಯೇ ದಿನಾ ಬಸ್ಸು ಬದಲಿಸುತ್ತೇನೆ. ಅವಳು ಒಳಗಿನಿಂದ ಕೈ ಮಾಡುತ್ತಾಳೆ, ನಾನೂ ಮಾಡುತ್ತೇನೆ. ಅಕ್ಕ ಬರಲಿಲ್ಲ ಎಂದು ಅವಳಿಗೆ ಇವತ್ತಿನ ತನಕ ಹೇಳಿಲ್ಲ.