ಕಪ್ಪು ಮರಳಿಗೆ ಕಾಫಿ ಚರಟ

ಇಲ್ಲಿ ಬರೆಯುತ್ತಿರುವುದರಲ್ಲಿ ಎಷ್ಟು ನಿಜವಾಗಿ ನಡೆದದ್ದು, ಎಷ್ಟು ನಾನೇ ಆಮೇಲೆ ಸೇರಿಸಿಕೊಂಡದ್ದು ಎಂದು ಖಚಿತವಾಗಿ ಹೇಳಲಾರೆ. ಬೆಳ್ಳಂದೂರಿನಲ್ಲಿ ನಾನು ಕೆಲಸ ಮಾಡುವ ಕಟ್ಟಡದ ಕೆಳಗೆ ಒಂದು ಕಾಫಿ ಅಂಗಡಿಯಿದೆ. ಅವರು ಬಳಸಿದ ಪುಡಿಯನ್ನು ಕಾಗದದ ಚೀಲಗಳಲ್ಲಿ ತುಂಬಿ, ನಿಮ್ಮ ಗಿಡಗಳಿಗೆ ಉಚಿತ ಎಂದು ಬರೆದು ಬಾಗಿಲ ಬಳಿ ಇಡುತ್ತಾರೆ. ಹೋದ ತಿಂಗಳು ಒಂದು ಚೀಲ ಎತ್ತಿಕೊಂಡೆ. ಬಿಸಿಲಿಗೆ ನಿಂತಿದ್ದ ಕಾರಿನಲ್ಲಿ ಅದು ಬೆಚ್ಚಗಾಗಿ, ಸೀದ ಬೆಲ್ಲಕ್ಕೂ ಒದ್ದೆ ಗೋಣಿಗೂ ನಡುವಿನ ಒಂದು ವಾಸನೆ ಎದ್ದಿತು. ರಿಂಗ್ ರೋಡಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದ ನನಗೆ ಮಾಕಳಿಯ ಮನೆ, ಅದರ ಜಗಲಿ, ಜಗಲಿಯ ಮೇಲೆ ಕಾಲು ಚಾಚಿ ಕುಳಿತ ಅಜ್ಜಿ ಕಂಡಳು. ನಾನು ಓದಿದ್ದು ರಸಾಯನಶಾಸ್ತ್ರ. ವಾಸನೆ ಎಬ್ಬಿಸುವ ನೆನಪು ಬಲವಾಗಿರುತ್ತದೆ, ಅಷ್ಟಕ್ಕೇ ಅದು ನಿಜವಾಗಬೇಕಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಹುಟ್ಟಿದ ಮನೆ ಇದ್ದ ಜಾಗವನ್ನು ಇನ್ನೊಬ್ಬರ ಗೇಟಿನ ಹೊರಗೆ ನಿಂತು ನೋಡಿದವರಿಗೆ, ಹೀಗೆ ಹೇಳಿಕೊಂಡರೂ ಏನೂ ಪ್ರಯೋಜನವಿಲ್ಲವೆಂಬುದು ಗೊತ್ತಿರುತ್ತದೆ.

ತುಮಕೂರು ರಸ್ತೆಯಿಂದ ಒಳಕ್ಕೆ, ಪ್ರೆಸ್ ಮಷೀನುಗಳ ಧಡ್ ಧಡ್ ಸದ್ದು ನೆಲದಲ್ಲೇ ಕೇಳುವಷ್ಟು ಹತ್ತಿರದಲ್ಲಿ ನಮ್ಮ ಹೆಂಚಿನ ಮನೆಯಿತ್ತು. ಹೊಲಗಳೆಲ್ಲ ಫ್ಯಾಕ್ಟರಿಗಳಿಗೆ ಹೋದ ಮೇಲೆ ಚಿಕ್ಕಪ್ಪ ಮನೆಯ ಪಕ್ಕಕ್ಕೆ ಆರು ಬಾಡಿಗೆ ಕೋಣೆಗಳ ಸಾಲು ಕಟ್ಟಿಸಿದ್ದರು. ಆ ಸಾಲಿಗೂ ಫ್ಯಾಕ್ಟರಿಯ ಕಾಂಪೌಂಡಿಗೂ ನಡುವೆ ಉಳಿದ ಒಂದು ಪಟ್ಟಿ ನೆಲವೇ ನಮ್ಮ ಕೊನೆಯ ಹೊಲ. ತಗ್ಗಾಗಿದ್ದ ಅದನ್ನು ಯಾವುದೋ ಫೌಂಡ್ರಿ ಎರಕ ಹೊಯ್ದು ಹೊರಹಾಕಿದ ಕಪ್ಪು ಮರಳು ಸುರಿದು ಮಟ್ಟ ಮಾಡಿದ್ದರು. ಮಧ್ಯಾಹ್ನ ಅದರ ಮೇಲೆ ಕಾಲಿಡಲಾಗುತ್ತಿರಲಿಲ್ಲ. ಮಳೆ ಬಂದರೆ ತುಕ್ಕಿನ ವಾಸನೆ. ತಾತ ತೀರಿಕೊಂಡ ವರ್ಷ ಅಜ್ಜಿ ಜಗಲಿ ಬಿಟ್ಟು ಏಳುವುದನ್ನೇ ನಿಲ್ಲಿಸಿದ್ದಳು. ಊಟಕ್ಕೆ ಕರೆದರೆ ಹಸಿವಿಲ್ಲ ಎನ್ನುವುದಷ್ಟೇ. ಆಗ ಒಂದು ದಿನ ಚಿಕ್ಕಪ್ಪ ನೀಲಿ ನಕ್ಷೆಯ ಹಾಳೆಯೊಂದನ್ನು ಅವಳ ಮುಂದೆ ಬಿಚ್ಚಿ, ಆ ಪಟ್ಟಿಯಲ್ಲಿ ಇನ್ನೆರಡು ಕೋಣೆ ಬರುತ್ತವೆ ಎಂದರು.

"ಅಲ್ಲಿ ಪಾರ್ಥೇನಿಯಂ ಕೂಡ ಉಟ್ಟಲ್ಲ ಕಣವ್ವ. ಸುಮ್ನೆ ಬಿಟ್ಕೊಂಡು ಏನ್ ಮಾಡ್ತೀಯ?"

"ನಾನು ಬೆಳೀತೀನಿ ಕಣ್ಲಾ," ಎಂದಳು ಅಜ್ಜಿ. ಎಷ್ಟೋ ವಾರಗಳಲ್ಲಿ ಅವಳು ಆಡಿದ ಮೊದಲ ಪೂರ್ತಿ ಮಾತು ಅದೆಂದು ನನ್ನ ನೆನಪು. ಸಂಕ್ರಾಂತಿಯ ಹೊತ್ತಿಗೆ ಒಂದು ಹೊತ್ತಿನ ಸಾರಿಗಾಗುವಷ್ಟು ಸೊಪ್ಪು ಅಲ್ಲಿಂದ ಬಂದರೆ ಕೋಣೆ ಕಟ್ಟುವುದಿಲ್ಲ, ಬರದಿದ್ದರೆ ಹಬ್ಬದ ಮಾರನೆಯ ದಿನವೇ ಪಾಯ ಎಂದು ಚಿಕ್ಕಪ್ಪ ಗಡುವು ಕೊಟ್ಟರು. ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದಳು.

ಮೂರನೆಯ ಕೋಣೆಯಲ್ಲಿ ಕೊಪ್ಪಳದ ಕಡೆಯ ಯಮನಪ್ಪ ಬಾಡಿಗೆಗಿದ್ದ. ಪಕ್ಕದ ಫ್ಯಾಕ್ಟರಿಯಲ್ಲಿ ಮಾಲಿ. ಆ ಫ್ಯಾಕ್ಟರಿಯ ಆಫೀಸಿನ ಮುಂದಿನ ಲಾನು, ಸುತ್ತಲಿನ ಹೊಗೆ ಧೂಳಿನ ನಡುವೆ, ಈಗಷ್ಟೇ ಬಣ್ಣ ಬಳಿದಂತೆ ಹಸಿರಾಗಿತ್ತು. ಕ್ಯಾಂಟೀನಿನಲ್ಲಿ ಡಿಕಾಕ್ಷನ್ ಇಳಿಸಿ ಉಳಿದ ಚರಟವನ್ನು ಅದಕ್ಕೆ ಹಾಕುತ್ತೇನೆಂದು ಅವನೇ ಅಜ್ಜಿಗೆ ಹೇಳಿದ. ಅಂದಿನಿಂದ ಅವನ ಸೈಕಲ್ಲಿನ ಹ್ಯಾಂಡಲಿಗೆ ದಿನಾ ಸಂಜೆ ಒಂದು ಬಕೆಟ್ ಚರಟ ನೇತಾಡುತ್ತ ಬಂತು. ಹೊಲದಲ್ಲಿ ಜೀವ ಸವೆಸಿದ ಅಜ್ಜಿಗೆ ಗೊಬ್ಬರವೆಂದರೆ ಸಗಣಿ ಗೊಬ್ಬರ, ಧಾರಾಳವಾಗಿ ಹಾಕಬೇಕು. ದಂಟಿನ ಬೀಜ ಚೆಲ್ಲಿ, ಅದರ ಮೇಲೆ ನಾಲ್ಕು ಬೆರಳು ದಪ್ಪಕ್ಕೆ ಚರಟ ಹರಡಿದಳು. ಎರಡು ದಿನದ ಬಿಸಿಲಿಗೆ ಅದು ತಟ್ಟಿದ ರೊಟ್ಟಿಯಂತೆ ಗಟ್ಟಿಯಾಯಿತು. ಹೊಯ್ದ ನೀರೆಲ್ಲ ಪಕ್ಕಕ್ಕೆ ಹರಿಯಿತು. ಮೇಲೆ ಬೂಷ್ಟು ಕಟ್ಟಿತು. ಸಾಸಿವೆಗಿಂತ ಸಣ್ಣ ಬೀಜಗಳು ಒಳಗೇ ಸತ್ತವು.

ಗೌರಿ ಹಬ್ಬದ ದಿನ ಬಾಗಿನ ಕೊಡಲು ಬಂದ ನೆಂಟರೆಲ್ಲ ಇರುವಾಗಲೇ ಚಿಕ್ಕಪ್ಪ ಕೇಳಿದರು: "ಗಿಡಕ್ಕೆ ಕಾಫಿ ಕೊಟ್ಟೆ, ಸರಿ. ತಿಂಡಿ ಕೊಡೋದು ಮರೆತ್ಬಿಟ್ಯೇನವ್ವ?"

ಎಲ್ಲರೂ ನಕ್ಕರು. ನಾನೂ ನಕ್ಕೆನೇ? ನಕ್ಕಿರಬೇಕು. ಅಜ್ಜಿ ನಗಲಿಲ್ಲ, ಅಳಲೂ ಇಲ್ಲ. ಬಕೆಟ್ ಇಳಿಸುತ್ತಿದ್ದ ಯಮನಪ್ಪನನ್ನು ಕರೆದು ಎಲ್ಲಿ ತಪ್ಪಿದೆ ಎಂದು ಕೇಳಿದಳು. ಅವನು ಗಟ್ಟಿ ಪದರವನ್ನು ಮುರಿದು, ಬೆರಳುಗಳ ನಡುವೆ ಪುಡಿಮಾಡಿ ಉದುರಿಸಿ ತೋರಿಸಿದ.

"ಇದು ಸಗಣಿ ಅಲ್ಲಬೇ ಯವ್ವಾ. ಉಪ್ಪು ಅಂತ ತಿಳಿ. ಲಾನಿಗೆ ಉಪ್ಪು ಉದುರಿಸಿದಂಗ ಉದುರಸ್ತೀನಿ, ಆಮ್ಯಾಲೆ ಕಸಬರಿಗಿಲೆ ಎಳೀತೀನಿ. ಹೆಚ್ಚಾದದ್ದು ಹುಲ್ಲಿನ ಕೂಡ ಕೊಳೀಬೇಕು."

ಮಾರನೆಯ ಬೆಳಿಗ್ಗೆ ಅಜ್ಜಿ ಇಡೀ ಪದರವನ್ನು ಸನಿಕೆಯಿಂದ ಎಬ್ಬಿಸಿದಳು. ಒಂದು ಗುಂಡಿ ತೋಡಿಸಿ, ಲಾನಿನಲ್ಲಿ ಕತ್ತರಿಸಿದ ಹುಲ್ಲು, ಒಣಗಿದ ಎಲೆ, ಸಗಣಿ, ನಡುನಡುವೆ ತೆಳ್ಳಗೆ ಚರಟ ಹಾಕುತ್ತ ಹೋದಳು. ಚರಟದಿಂದ ಮಣ್ಣು ಹುಳಿಯಾಗುತ್ತದೆಂದು ಯಾರೋ ಹೇಳಿದ್ದಕ್ಕೆ ಮೇಲೊಂದು ಹಿಡಿ ಬೂದಿ. ಹುಳಿ ಬಹುಪಾಲು ಡಿಕಾಕ್ಷನ್ನಿನಲ್ಲೇ ಇಳಿದುಹೋಗುತ್ತದೆ ಎಂದು ಎಷ್ಟೋ ವರ್ಷಗಳ ನಂತರ, ನಾನು ಕಾಲೇಜಿಗೆ ಹೋದ ಮೇಲೆ, ಅವಳಿಗೆ ವಿವರಿಸಿದೆ. ಅವಳು ಕೇಳಿಸಿಕೊಂಡು, ಆಗಲೂ ಬೂದಿ ಹಾಕಿದಳು. ಆ ವರ್ಷ ಮೂರು ದಿನಕ್ಕೊಮ್ಮೆ ಗುಂಡಿಯನ್ನು ತಿರುವುತ್ತಿದ್ದಳು. ಸೊಂಟ ನೋಯುತ್ತದೆಂದು ಒಮ್ಮೆಯೂ ಹೇಳಲಿಲ್ಲ. ಒಂದು ಬೆಳಿಗ್ಗೆ ನನ್ನ ಕೈ ಹಿಡಿದು ರಾಶಿಯೊಳಗೆ ಇಡಿಸಿದಳು. ಹಸುವಿನ ಹೊಟ್ಟೆಯಂತೆ ಬೆಚ್ಚಗಿತ್ತು. ಇದೊಂದನ್ನು ಮಾತ್ರ ನಾನು ಅನುಮಾನಿಸಲಾರೆ, ನನ್ನ ಅಂಗೈಗೆ ಅದು ಇನ್ನೂ ಗೊತ್ತಿದೆ.

ಕಾರ್ತಿಕದಲ್ಲಿ ಆ ಗೊಬ್ಬರವನ್ನು ಮರಳಿಗೆ ಬೆರೆಸಿ ಮತ್ತೆ ಬೀಜ ಚೆಲ್ಲಿದಳು. ಸಂಕ್ರಾಂತಿಯ ಹೊತ್ತಿಗೆ ದಂಟು ನನ್ನ ಭುಜದೆತ್ತರ ಬೆಳೆದಿತ್ತೆಂದು ನನ್ನ ನೆನಪು ಹೇಳುತ್ತದೆ. ಮೊಣಕಾಲೆತ್ತರ ಇದ್ದಿರಬಹುದು. ಹಬ್ಬದ ದಿನ ಅದನ್ನು ಕೊಯ್ದು, ಅವರೆಕಾಳು ಹಾಕಿ ಬಸ್ಸಾರು ಮಾಡಿದಳು. ಚಿಕ್ಕಪ್ಪ ಎರಡು ಮುದ್ದೆ ಉಂಡು, ಸೊಪ್ಪಿನಲ್ಲಿ ಮರಳು ಇದೆ ಎಂದಷ್ಟೇ ಹೇಳಿ ಕೈ ತೊಳೆದರು. ಕೋಣೆಗಳ ಮಾತು ಮತ್ತೆ ಬರಲಿಲ್ಲ. ಅಜ್ಜಿ ಇರುವವರೆಗೂ ಆ ಪಟ್ಟಿಯಲ್ಲಿ ಸೊಪ್ಪು, ಬದನೆ, ಅಂಚಿಗೆ ಕನಕಾಂಬರ ಇದ್ದವು. ಬಾಡಿಗೆಯ ಹೆಂಗಸರು ತಮ್ಮ ಫಿಲ್ಟರಿನ ಚರಟವನ್ನೂ ತಂದು ಗುಂಡಿಗೆ ಸುರಿಯುತ್ತಿದ್ದರು.

ಈಗ ಅಲ್ಲಿ ಐದಂತಸ್ತಿನ ಪಿ.ಜಿ. ಇದೆ, ಪಟ್ಟಿಯ ಮೇಲೆ ಬೈಕುಗಳು ನಿಲ್ಲುತ್ತವೆ. ಮನೆ ಮಾರಿದ ಕ್ರಯಪತ್ರಕ್ಕೆ ನಾನೂ ಸಹಿ ಹಾಕಿದವನೇ. ಯಮನಪ್ಪ ಊರಿಗೆ ಹಿಂದಿರುಗಿದವನು ಮತ್ತೆ ಬರಲಿಲ್ಲ. ಅಜ್ಜಿಯ ಸೊಪ್ಪು ಚಿಕ್ಕಪ್ಪನನ್ನು ಸೋಲಿಸಿತು ಎಂದು ನಾನು ವರ್ಷಗಟ್ಟಲೆ ಎಲ್ಲರಿಗೂ ಹೇಳುತ್ತ ಬಂದಿದ್ದೆ. ಕಳೆದ ವರ್ಷ ಚಿಕ್ಕಪ್ಪ ತೀರಿಕೊಂಡ ಮೇಲೆ ಅವರ ಮಗಳು ಕೊಟ್ಟ ಕಾಗದಗಳ ಕಟ್ಟಿನಲ್ಲಿ ಆ ನೀಲಿ ನಕ್ಷೆ ಸಿಕ್ಕಿತು. ಎರಡು ಕೋಣೆಗಳ ಮೇಲೆ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು, "ಇದು ಅವ್ವಂಗೆ, ಕಟ್ಟೋದು ಬೇಡ" ಎಂದು ಬರೆದು, ಸಹಿ ಹಾಕಿ, ತಾರೀಖು ನಮೂದಿಸಿದ್ದರು. ಅಕ್ಷರ ಅವರದೇ. ತಾರೀಖನ್ನು ನಂಬಲಾಗದೆ ಆ ವರ್ಷದ ಪಂಚಾಂಗ ಹುಡುಕಿ ತೆಗೆದು ಎರಡು ಸಲ ನೋಡಿದೆ. ಅದು, ಅವರು ನೆಂಟರೆದುರು ಗಿಡದ ತಿಂಡಿಯ ಮಾತಾಡಿದ ಆ ಗೌರಿ ಹಬ್ಬದ ಹಿಂದಿನ ದಿನ.