ದಾಸರಹಳ್ಳಿಯಿಂದ ಕಾಡುಗೋಡಿಗೆ, ಚೈತ್ರಳ ಆಟ ನೋಡಲು

ಭಾನುವಾರ ಹನ್ನೊಂದೂವರೆಗೆ ಟಿ. ದಾಸರಹಳ್ಳಿ ಮೆಟ್ರೊ ನಿಲ್ದಾಣದ ಮೆಟ್ಟಿಲು ಹತ್ತಿದೆ. ಮುಂಜಾನೆಯಿಂದ ಸುರಿದ ಮಳೆ ಆಗಷ್ಟೇ ನಿಂತಿತ್ತು. ತುಮಕೂರು ರಸ್ತೆಯ ಲಾರಿಗಳು ಬಡವರು ಬಲ್ಲಿದರೆನ್ನದೆ ಎಲ್ಲರಿಗೂ ಕೆಸರು ಹಂಚುತ್ತಿದ್ದವು. ಕಾಡುಗೋಡಿಗೆ ಟಿಕೆಟ್ ತೊಂಬತ್ತು ರೂಪಾಯಿ. ಒಂದೇ ಊರಿನ ಈ ತುದಿಯಿಂದ ಆ ತುದಿಗೆ ಹೋಗುವುದನ್ನು ಪ್ರವಾಸ ಎನ್ನುತ್ತಾರೆಯೇ ಎಂದು ನೀವು ನಗಬಹುದು. ಬೆಂಗಳೂರಿಗೆ ಬಂದು ನಲವತ್ತು ವರ್ಷವಾದರೂ ನಾನು ಕಾಡುಗೋಡಿ ನೋಡಿರಲಿಲ್ಲ. ತಿರುಪತಿಗೆ ಆರು ಸಲ, ಕಾಶಿಗೆ ಒಂದು ಸಲ ಹೋಗಿಬಂದಿದ್ದೇನೆ. ಹಾಗಾಗಿ ನನ್ನ ಮಟ್ಟಿಗೆ ಇದು ಪ್ರವಾಸವೇ.

ಹೊರಟಿದ್ದು ಫುಟ್‌ಬಾಲ್ ನೋಡಲು. ಕಾಡುಗೋಡಿಯ ಆಚೆ ಒಂದು ಖಾಸಗಿ ಮೈದಾನದಲ್ಲಿ ಭಾರತದ ಮಹಿಳಾ ತಂಡಕ್ಕೂ ನೇಪಾಳದ ಮಹಿಳಾ ತಂಡಕ್ಕೂ ಸ್ನೇಹಪಂದ್ಯ. ನಮ್ಮ ತಂಡದಲ್ಲಿ ಲಗ್ಗೆರೆಯ ಚೈತ್ರ ಇದ್ದಳು. ಇದ್ದಳು ಅಂದರೆ, ಬೆಂಚಿನ ಮೇಲೆ ಇದ್ದಳು. ತಂಡದ ತರಬೇತಿ ಶಿಬಿರ ಸೇರಿ ಎರಡು ತಿಂಗಳಾಗಿ, ಮೂರು ಪಂದ್ಯ ಮುಗಿದಿದ್ದರೂ ಅವಳನ್ನು ಒಂದು ನಿಮಿಷವೂ ಮೈದಾನಕ್ಕೆ ಇಳಿಸಿರಲಿಲ್ಲ. ಇದು ಕೊನೆಯ ಪಂದ್ಯ. ಮುಗಿದ ಕೂಡಲೇ ಹೊರದೇಶದ ಟೂರ್ನಿಗೆ ಹೋಗುವವರ ಪಟ್ಟಿ. ಶನಿವಾರ ಫೋನ್ ಮಾಡಿ ಅವಳೇ ಹೇಳಿದ್ದಳು: "ಕೊನೇ ಹದಿನೈದು ನಿಮಿಷ ಇಳಿಸ್ತೀನಿ ಅಂದಿದ್ದಾರೆ ಆಂಟಿ, ಕೋಚ್ ಮೇಡಂ. ಚೆನ್ನಾಗಿ ಆಡಿದ್ರೆ ಪಟ್ಟಿ, ಇಲ್ಲಾಂದ್ರೆ ಮನೆ."

ಅವಳ ಅಪ್ಪ ಲಿಂಗರಾಜು ಪೀಣ್ಯದಲ್ಲಿ ಹತ್ತಿದ. ನಾನೂ ಅವನೂ ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿದ್ದೇವೆ. ಅವನು ಲೇತ್ ಯಂತ್ರದ ಮೇಲೆ ಲೋಹ ಕಡೆಯುವ ಟರ್ನರ್, ನಾನು ಪೀಸುಗಳ ಅಳತೆ ನೋಡುವ ಇನ್‌ಸ್ಪೆಕ್ಷನ್. ಸರ್ಕಾರಿ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಅಳತೆಯ ವರ್ನಿಯರ್ ಹಿಡಿದು ನಿವೃತ್ತಳಾದವಳು, ಮನೆಯಲ್ಲಿ ಧಾರಾವಾಹಿ ನೋಡುತ್ತ ಕೂರಲಾರದೆ ಮತ್ತೆ ಅದೇ ವರ್ನಿಯರ್ ಹಿಡಿದಿದ್ದೇನೆ. ರಾಜು ಮದುವೆಗೆ ಹೊರಟವನಂತೆ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟಿದ್ದ. ಅವನ ಹೆಂಡತಿ ಮಂಗಳ ದೊಡ್ಡ ಮಗಳ ಬಾಣಂತನಕ್ಕೆಂದು ಹಾಸನಕ್ಕೆ ಹೋಗಿದ್ದಳು. ಹಾಗಾಗಿ ಡಬ್ಬಿಯಲ್ಲಿದ್ದ ಚಿತ್ರಾನ್ನ ಅವನದೇ ಕೈಯಡುಗೆ.

"ಅಕ್ಕ, ನೆಲ ಒದ್ದೆಯಾಗಿರುತ್ತೆ. ಇವತ್ತು ನಮ್ಮ ಸ್ಟಡ್ಡೇ ಹಾಕ್ಕೋತಾಳೆ ನೋಡಿ" ಎಂದ. ಮಳೆ ಬಂದದ್ದು ತನ್ನದೇ ಸಾಧನೆ ಎಂಬಂತಿತ್ತು ಮುಖ.

ಸ್ಟಡ್ ಎಂದರೆ ಒದ್ದೆ ನೆಲದಲ್ಲಿ ಕಾಲು ಜಾರದಂತೆ ಬೂಟಿನ ಅಡಿಗೆ ತಿರುಗಿಸಿ ಕೂರಿಸುವ ಅಲ್ಯುಮಿನಿಯಂ ಗುಬುಟುಗಳು. ಅಂಗಡಿಯಲ್ಲಿ ಸಿಗುತ್ತವೆ. ಆದರೆ ಟರ್ನರ್ ಮಗಳು ಅಂಗಡಿ ಪೀಸು ಹಾಕಿಕೊಳ್ಳುವುದುಂಟೆ? ರಾಜು ಮಾಲೀಕರನ್ನು ಕೇಳಿ, ಊಟದ ವಿರಾಮದಲ್ಲಿ, ಉಳಿದ ಸರಳಿನ ತುಂಡುಗಳಲ್ಲಿ ಹನ್ನೆರಡು ಸ್ಟಡ್ ಮಾಡಿದ್ದ. ಹನ್ನೆರಡನ್ನೂ ನಾನು ಅಳೆದೆ. ಹದಿನಾರು ಮಿಲಿಮೀಟರ್ ಉದ್ದ, ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲ. ಪೊಟ್ಟಣದ ಮೇಲೆ 'ಪಾಸ್' ಎಂದು ಬರೆದು ಸಹಿಯನ್ನೂ ಹಾಕಿದ್ದೆ. ಜಂಬವೇನು ಅವನೊಬ್ಬನಿಗೇ ಇರಲಿಲ್ಲ.

ಮೆಜೆಸ್ಟಿಕ್‌ನಲ್ಲಿ ಇಳಿದು ನೇರಳೆ ಮಾರ್ಗದ ರೈಲು ಹಿಡಿದೆವು. ಭಾನುವಾರವಾದರೂ ನಿಲ್ಲಲು ಜಾಗವಿರಲಿಲ್ಲ. ಇಂದಿರಾನಗರ ದಾಟಿದ ಮೇಲೆ ಸೀಟು ಸಿಕ್ಕಿತು. ಕೆ.ಆರ್. ಪುರ ಕಳೆದಂತೆ ಗಾಜಿನ ಕಟ್ಟಡಗಳು ಶುರುವಾದವು. ನಮ್ಮ ಪೀಣ್ಯದಲ್ಲಿ ಯಾವ ಶೆಡ್ಡಿನೊಳಗೆ ಏನು ಮಾಡುತ್ತಾರೆಂದು ಹೊರಗಿನ ಸದ್ದಿನಲ್ಲೇ ಹೇಳಬಹುದು. ಇಲ್ಲಿ ಗೋಡೆಯೆಲ್ಲ ಗಾಜಿದ್ದರೂ ಒಳಗೆ ಏನು ನಡೆಯುತ್ತದೆಂದು ನನಗೊಂದೂ ತಿಳಿಯಲಿಲ್ಲ. "ಇಷ್ಟು ಗಾಜು ಒರೆಸೋರು ಯಾರಕ್ಕ?" ಎಂದು ರಾಜು ಕೇಳಿದ. ಅವನ ಚಿಂತೆಯೇ ಬೇರೆ.

ಕೊನೆಯ ನಿಲ್ದಾಣದಲ್ಲಿ ಇಳಿದಾಗ ಒಂದೂ ಮುಕ್ಕಾಲು. ಕೆಳಗಿಳಿದರೆ ಸೊಪ್ಪಿನ ಗಾಡಿ, ಬಾಡಿಗೆ ರೂಮಿನ ಬೋರ್ಡುಗಳು, ಮೀನಿನ ವಾಸನೆ. ಗಾಜಿನ ಕಟ್ಟಡಗಳನ್ನು ಕಂಡು ಹೆದರಿದ್ದ ನನಗೆ ನಮ್ಮ ದಾಸರಹಳ್ಳಿಗೇ ವಾಪಸು ಬಂದಂತಾಗಿ ಸಮಾಧಾನವಾಯಿತು. ಚಹದ ಅಂಗಡಿಯ ಬೆಂಚಿನಲ್ಲಿ ಕೂತು ಚಿತ್ರಾನ್ನ ತಿಂದೆವು. ಉಪ್ಪು ಜಾಸ್ತಿಯಾಗಿತ್ತು. ಹೇಳಲು ಮನಸ್ಸಾಗದೆ ಎರಡು ಲೋಟ ಚಹ ಕುಡಿದೆ. ಅಲ್ಲಿಂದ ಮೈದಾನಕ್ಕೆ ಆಟೋದಲ್ಲಿ ಇಪ್ಪತ್ತು ನಿಮಿಷ.

ಮೈದಾನದಲ್ಲಿ ನಮ್ಮವರಿಗಿಂತ ನೇಪಾಳದವರೇ ಹೆಚ್ಚಿದ್ದರು. ವೈಟ್‌ಫೀಲ್ಡ್ ಸುತ್ತಮುತ್ತಲಿನ ಅಪಾರ್ಟ್‌ಮೆಂಟುಗಳ ಕಾವಲುಗಾರರು, ಮೊಮೊ ಗಾಡಿಯವರು, ಹೋಟೆಲಿನ ಅಡುಗೆಯವರು, ಎಲ್ಲರೂ ರಜೆ ಹಾಕಿ ಬಂದಿದ್ದರು. ನಮ್ಮ ಪಕ್ಕದಲ್ಲಿ ಕೂತವನು ಪ್ರೇಮ್. ಒಂದು ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಒಂಬತ್ತು ವರ್ಷದಿಂದ ಕೆಲಸ, ಕನ್ನಡ ನೀರು ಕುಡಿದಂತೆ. "ಬೇಜಾರ್ ಮಾಡ್ಕೋಬೇಡಿ ಅಕ್ಕ, ಇವತ್ತು ನಾವೇ ಗೆಲ್ಲೋದು" ಎಂದು ಮೊದಲೇ ಸಾಂತ್ವನ ಹೇಳಿಬಿಟ್ಟ.

ನಾಲ್ಕು ಗಂಟೆಗೆ ಆಟ ಶುರುವಾಯಿತು. ಒದ್ದೆ ಹುಲ್ಲಿನ ಮೇಲೆ ಎರಡೂ ಕಡೆಯವರು ಸಾಲುಸಾಲಾಗಿ ಜಾರಿ ಬೀಳುತ್ತಿದ್ದರು. ನೇಪಾಳ ಮೊದಲು ಗೋಲು ಹೊಡೆಯಿತು. ಪ್ರೇಮ್ ಎದ್ದು ಕುಣಿದು, ಆಮೇಲೆ ನಮ್ಮನ್ನು ನೋಡಿ ಕೂತ. ಎರಡನೇ ಅರ್ಧದಲ್ಲಿ ನಮ್ಮವರು ಸಮ ಮಾಡಿದರು. ರಾಜು ಇದ್ಯಾವುದನ್ನೂ ನೋಡುತ್ತಿರಲಿಲ್ಲ. ಅವನ ಕಣ್ಣೆಲ್ಲ ನಮ್ಮ ಕೆಳಗೇ ಇದ್ದ ಬೆಂಚಿನ ಮೇಲೆ.

ಎಪ್ಪತ್ತೈದನೇ ನಿಮಿಷಕ್ಕೆ ಕೋಚ್ ಚೈತ್ರಳನ್ನು ಕರೆದರು. ಅವಳು ಮೇಲಂಗಿ ತೆಗೆದು ಗೆರೆಯ ಬಳಿ ನಿಂತಳು. ರಾಜು ನನ್ನ ಕೈ ಹಿಡಿದುಕೊಂಡ. ಆಟಕ್ಕಿಳಿಯುವ ಮುಂಚೆ ಬೂಟು ನೋಡುವುದು ಪದ್ಧತಿಯಂತೆ. ಅಲ್ಲಿದ್ದ ಅಧಿಕಾರಿ ಹೆಂಗಸು ಅವಳ ಕಾಲನ್ನು ಹಿಂದಕ್ಕೆ ಎತ್ತಿಸಿ, ಅಡಿಯಲ್ಲಿ ಬೆರಳಾಡಿಸಿದಳು. ಫಕ್ಕನೆ ಬೆರಳು ಹಿಂತೆಗೆದುಕೊಂಡಳು. ಆಗುವುದಿಲ್ಲ ಎಂದು ತಲೆ ಅಲ್ಲಾಡಿಸಿದಳು.

"ಏನಾಯ್ತಕ್ಕ?" ಎಂದ ರಾಜು.

ನನಗೆ ಆ ಕ್ಷಣವೇ ಗೊತ್ತಾಗಿತ್ತು. "ಅಂಚು ರಾಜು. ಅರ ಹಾಕಿಲ್ಲ ನಾವು."

ಲೇತಿನಿಂದ ಇಳಿದ ಪೀಸಿನ ಅಂಚು ಬ್ಲೇಡಿನಷ್ಟು ಚೂಪಾಗಿರುತ್ತದೆ. ನಮ್ಮ ಕಾರ್ಖಾನೆಯಲ್ಲಿ ಟರ್ನರ್ ಆ ಅಂಚನ್ನು ಮುಟ್ಟುವುದಿಲ್ಲ. ಪಕ್ಕದ ಬೆಂಚಿನ ಹೆಂಗಸರು ಅರ ಹಾಕಿ ಅದನ್ನು ಮೊಂಡು ಮಾಡುತ್ತಾರೆ. ಅಲ್ಲಿಂದ ನನ್ನ ಮೇಜಿಗೆ ಬರುತ್ತದೆ. ನಾನು ಅಳತೆ ನೋಡುತ್ತೇನೆಯೇ ಹೊರತು ಅಂಚು ನೋಡುವುದಿಲ್ಲ, ಅದು ಆಗಿಯೇ ಇರುತ್ತದೆ. ಊಟದ ಹೊತ್ತಿನಲ್ಲಿ ಮಾಡಿದ ಈ ಹನ್ನೆರಡು ಪೀಸು ಮಾತ್ರ ಆ ಬೆಂಚಿಗೆ ಹೋಗದೆ ಅವನ ಕೈಯಿಂದ ನೇರ ನನ್ನ ಕೈಗೆ ಬಂದಿದ್ದವು. ವಾರವೆಲ್ಲ ನೆಲ ಒಣಗಿದ್ದರಿಂದ ಚೈತ್ರ ಅವನ್ನು ಆವತ್ತೇ ಮೊದಲು ಬೂಟಿಗೆ ಕೂರಿಸಿದ್ದಳು. ಮೂವತ್ತು ವರ್ಷದ ಇನ್‌ಸ್ಪೆಕ್ಷನ್ ಎಂದು ಮೆರೆಯುತ್ತಿದ್ದ ನನಗೆ ನಿಂತಲ್ಲೇ ಭೂಮಿ ಬಾಯಿ ಬಿಡಬಾರದೇ ಎನಿಸಿತು.

ರಾಜು ತಲೆ ಮೇಲೆ ಕೈಹೊತ್ತು ಕುಸಿದ. "ನಾನೇ ಹಾಳ್ ಮಾಡ್ಬಿಟ್ಟೆ ಅಕ್ಕ ಅವಳ್ನ."

ಕೆಳಗೆ ಕೋಚ್ ಬೇರೆ ಹುಡುಗಿಯತ್ತ ಬೆರಳು ತೋರಿಸಿದರು. ಆ ಹುಡುಗಿ ಎದ್ದು ಮೇಲಂಗಿ ತೆಗೆಯತೊಡಗಿದಳು. ಚೈತ್ರ ಎರಡು ಬೆರಳೆತ್ತಿ ಅದೇನೋ ಕೇಳಿಕೊಂಡಳು, ಬಹುಶಃ ಎರಡು ನಿಮಿಷ ಕೊಡಿ ಎಂದು. ಆಮೇಲೆ ಬೂಟು ಬಿಚ್ಚಿ, ಬೆಂಚಿನ ಹಿಂದಿನ ಚರಂಡಿಯ ಸಿಮೆಂಟ್ ಕಟ್ಟೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಸ್ಟಡ್ಡುಗಳನ್ನು ಒಂದೊಂದಾಗಿ ಆ ಒರಟು ಸಿಮೆಂಟಿಗೆ ಉಜ್ಜತೊಡಗಿದಳು. ಸುಮ್ಮನೆ ತಿಕ್ಕುತ್ತಿರಲಿಲ್ಲ. ಬೂಟನ್ನು ಓರೆ ಹಿಡಿದು, ಮಣಿಕಟ್ಟು ತಿರುಗಿಸುತ್ತ, ಅಂಚು ಮಾತ್ರ ತಾಗುವಂತೆ ಉಜ್ಜುತ್ತಿದ್ದಳು. ಒಂದೊಂದು ಮುಗಿದಾಗಲೂ ಹೆಬ್ಬೆರಳಲ್ಲಿ ಸವರಿ ನೋಡುತ್ತಿದ್ದಳು.

ರಾಜು ತಲೆಯೆತ್ತಿದ. "ಕೈ ತಿರುಗ್ಸೋದು ನೋಡಿ ಅಕ್ಕ. ನಾನು ಹೇಳ್ಕೊಟ್ಟಿಲ್ಲ ಇದನ್ನ."

ಯಾರೂ ಹೇಳಿಕೊಟ್ಟಿರಲಿಲ್ಲ. ಶಾಲೆ ಬಿಟ್ಟ ಮೇಲೆ ಅಪ್ಪನ ಕೆಲಸ ಮುಗಿಯುವವರೆಗೆ ಅರ ಹಾಕುವ ಹೆಂಗಸರ ನಡುವೆ ಕೂತು ಹೋಂವರ್ಕ್ ಮಾಡುತ್ತಿದ್ದ ಮಗು ಅದು. ನಮ್ಮ ಕಣ್ಣಿಗೆ ಬೀಳದೆ ಹೋದದ್ದು ಅವಳ ಕೈಗೆ ಗೊತ್ತಿತ್ತು. ನನಗೆ ಅಳು ಬಂತು; ಮುಚ್ಚಿಡುವುದೇನು.

ಎರಡು ನಿಮಿಷ ಎಂದದ್ದು ಆರಾಯಿತು. ಬೇರೆ ಹುಡುಗಿ ಗೆರೆಯ ಬಳಿ ನಿಂತೇ ಇದ್ದಳು. ಚೈತ್ರ ಬೂಟು ಕಟ್ಟಿಕೊಂಡು ಓಡಿದಳು. ಅಧಿಕಾರಿ ಹೆಂಗಸು ಈ ಸಲ ಹನ್ನೆರಡನ್ನೂ ನಿಧಾನಕ್ಕೆ ಸವರಿದಳು, ಸರಿ ಎಂದಳು. ಕೋಚ್ ಇಬ್ಬರನ್ನೂ ನೋಡಿದರು, ಆಮೇಲೆ ಚೈತ್ರಳ ಬೆನ್ನು ತಟ್ಟಿ ಒಳಗೆ ಕಳಿಸಿದರು.

ಗೋಲು ಹೊಡೆದಳು ಎಂದು ಬರೆಯುವ ಆಸೆ ನನಗೂ ಇದೆ. ಹೊಡೆಯಲಿಲ್ಲ. ಅವಳು ರಕ್ಷಣಾ ಆಟಗಾರ್ತಿ. ಆದರೆ ಆಟ ಮುಗಿಯಲು ಎರಡು ನಿಮಿಷವಿದ್ದಾಗ ನೇಪಾಳದ ಹುಡುಗಿಯೊಬ್ಬಳು ಚೆಂಡು ಹಿಡಿದು ಒಂಟಿಯಾಗಿ ನಮ್ಮ ಗೋಲಿನತ್ತ ನುಗ್ಗಿದಳು. ಅಡ್ಡ ಬಂದ ನಮ್ಮ ಇಬ್ಬರು ಜಾರಿ ಬಿದ್ದರು. ಚೈತ್ರ ಎಲ್ಲಿಂದಲೋ ಓಡಿಬಂದು, ಪಕ್ಕಕ್ಕೆ ಕಾಲೂರಿ, ಒಂದಿಷ್ಟೂ ಜಾರದೆ, ಚೆಂಡನ್ನಷ್ಟೇ ಕಿತ್ತು ಹೊರಗೆ ಒದ್ದಳು.

"ಅಯ್ಯೋ!" ಎಂದು ಪ್ರೇಮ್ ತಲೆ ಚಚ್ಚಿಕೊಂಡ. "ಯಾರಣ್ಣ ಅವ್ಳು?"

"ನನ್ ಮಗಳು ಕಣಪ್ಪ" ಎಂದ ರಾಜು.

ಪ್ರೇಮ್ ಒಂದು ಗಳಿಗೆ ಅವನನ್ನೇ ನೋಡಿ ಕೈ ಕುಲುಕಿದ. "ನಮ್ ಗೋಲ್ ತಿಂದ್ಬಿಟ್ಲಲ್ಲ ಅಣ್ಣ. ಸಕ್ಕತ್ ಆಡ್ತಾಳೆ."

ಪಂದ್ಯ ಒಂದೊಂದು ಗೋಲಿಗೆ ಸಮವಾಗಿ ಮುಗಿಯಿತು. ಬಟ್ಟೆ ಬದಲಾಯಿಸಿದ ಮೇಲೆ ಚೈತ್ರ ಕಂಬಿಯ ಬಳಿ ಬಂದಳು. ಎರಡೂ ಹೆಬ್ಬೆರಳಿನ ಚರ್ಮ ಕಿತ್ತುಹೋಗಿತ್ತು. ರಾಜು ಆ ಕೈಗಳನ್ನೇ ನೋಡುತ್ತ, "ತಪ್ಪಾಯ್ತು ಕಣವ್ವ" ಎಂದ.

"ಬಿಡಪ್ಪ, ಜಾರ್ಲಿಲ್ಲ ತಾನೇ?" ಎಂದಳು. ನನ್ನತ್ತ ತಿರುಗಿ, "ನೀವು ಸೈನ್ ಬೇರೆ ಹಾಕಿದ್ರಲ್ಲ ಆಂಟಿ!" ಎಂದು ನಕ್ಕಳು. ಆ ನಗುವಿಗೆ ನನ್ನ ಪಿಂಚಣಿ ಬರೆದುಕೊಟ್ಟರೂ ಕಡಿಮೆ.

ಬಸ್ಸಿನಿಂದ ಅವಳನ್ನು ಕೂಗಿದರು. ಹೊರಟವಳು ನಿಂತು, "ಅಪ್ಪ, ಮಂಗಳವಾರ ಬಟ್ಟೆ ತಗೊಳ್ಳೋಕೆ ಬರ್ತೀನಿ. ಅಲ್ಲಿ ವಿಪರೀತ ಚಳಿಯಂತೆ, ಅಮ್ಮನ ನೀಲಿ ಸ್ವೆಟರ್ ತೆಗೆದಿಟ್ಟಿರು" ಎಂದು ಓಡಿದಳು.

"ಅದು ಎಲ್ಲಿಟ್ಟಿದ್ದಾಳೋ ಅವಳು" ಎಂದು ರಾಜು ಗೊಣಗಿದ. ಅವನಾಗೇ ತಿಳಿದುಕೊಳ್ಳಲಿ ಎಂದು ನಾನು ಬಿಟ್ಟೆ. ಗೇಟು ದಾಟಿ, ಆಟೋ ಹತ್ತಿ, ಕಾಡುಗೋಡಿಯ ಪ್ಲಾಟ್‌ಫಾರ್ಮಿಗೆ ಬರುವವರೆಗೂ ಅವನು ಸ್ವೆಟರಿನ ಯೋಚನೆಯಲ್ಲೇ ಇದ್ದ. ರೈಲು ಬಂದು ಬಾಗಿಲು ತೆರೆದುಕೊಂಡು ನಿಂತಿತ್ತು. ಕೂತು ಹೆಂಡತಿಗೆ ಫೋನ್ ಮಾಡಿದ.

"ಮಂಗಳ, ನಿನ್ನ ನೀಲಿ ಸ್ವೆಟರ್ ಎಲ್ಲಿದೆಯೇ? ಚೈತ್ರಂಗೆ ಬೇಕಂತೆ. ಅಲ್ಲಿ ಚಳಿಯಂತೆ." ಆ ಕಡೆಯಿಂದ, ಎಲ್ಲಿ ಚಳಿ ಎಂದು ಅವಳು ಕೇಳಿರಬೇಕು. ರಾಜು ಬಾಯಿ ತೆರೆದ. ಆಗಲೇ ಅವನಿಗೆ ಹೊಳೆದದ್ದು. ಫೋನನ್ನು ನನ್ನ ಕೈಗೆ ತುರುಕಿ, ಬಿಳಿ ಅಂಗಿಯ ತೋಳಿನಲ್ಲಿ ಮುಖ ಮುಚ್ಚಿಕೊಂಡ.

"ಪಟ್ಟಿಯಲ್ಲಿ ಹೆಸರು ಬಂದಿದೆ ಕಣೇ ಮಂಗಳ" ಎಂದೆ. "ದೇಶಕ್ಕೆ ಆಡೋಕೆ ಹೋಗ್ತಿದ್ದಾಳೆ ನಿನ್ನ ಮಗಳು."

ಅವಳು ದೊಡ್ಡ ಮಗಳನ್ನು ಕೂಗಿ ಸುದ್ದಿ ಹೇಳಿದಳು. ಹಿಂದೆ ಎಳೆಗೂಸು ಅಳುವುದು ಕೇಳುತ್ತಿತ್ತು.

"ನಮ್ಮನೇವ್ರು ಅಳ್ತಿದ್ದಾರಾ ಅಕ್ಕ?"

"ಹೂಂ ಕಣೆ. ಈಗಷ್ಟೇ ರೈಲು ಹತ್ತಿದ್ದೀವಿ."

"ಅಳ್ಲಿ ಬಿಡಿ" ಎಂದಳು ಮಂಗಳ. ಅವಳ ದನಿಯೂ ನೆಟ್ಟಗಿರಲಿಲ್ಲ. "ಪೀಣ್ಯ ಇನ್ನೂ ದೂರ ಇದೆ."